ಕಾರವಾರದ ಊಟದ ಡಬ್ಬಿ: ಮೈಗ್ರೇನ್ ಇರುವವಳು ಕೊಟ್ಟ ಮಾರ್ಕು

ಕಾರವಾರದ ಕಾಜುಬಾಗದ ಒಂದು ಮನೆಯಿಂದ ನಮ್ಮ ಆಫೀಸಿಗೆ ಮಧ್ಯಾಹ್ನ ಊಟದ ಡಬ್ಬಿ ಬರುತ್ತದೆ. ಬೋರ್ಡಿಲ್ಲ, ಆ್ಯಪಿಲ್ಲ. ಅಡುಗೆ ಮಾಡುವ ಅಕ್ಕನ ಮೊಬೈಲ್ ನಂಬರು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದೆ, ಅಷ್ಟೇ. ಶಾಕಾಹಾರಿ ಡಬ್ಬಿ 80 ರೂಪಾಯಿ, ಮೀನಿನದು 120. ತಿಂಗಳ ದುಡ್ಡು ಮುಂಗಡ. ರುಚಿ ಚೆನ್ನಾಗಿದೆ, ಉಪ್ಪು ಒಂದು ಚೂರು ಜಾಸ್ತಿ, ಅನ್ನ ಧಾರಾಳ. ಬರೀ ರುಚಿ ಕೇಳಲು ಬಂದವರಿಗೆ ಇಷ್ಟು ಸಾಕು.

ನಾನು ಮಾರ್ಕು ಕೊಡುವ ಲೆಕ್ಕ ಬೇರೆ. ಸಂಜೆ ಅಂಕೋಲೆಯ ಬಸ್ಸಿನಲ್ಲಿ ಕೂತಾಗ ತಲೆ ನೆಟ್ಟಗಿದೆಯಾ, ಇಲ್ವಾ? ಕಾಲೇಜಿನ ದಿನಗಳಿಂದ ನನಗೆ ಮೈಗ್ರೇನ್. ಎಡಗಡೆ ಹುಬ್ಬಿನ ಮೇಲೆ ಶುರುವಾಗಿ ಕಿವಿಯ ಹಿಂದಕ್ಕೆ ಇಳಿಯುತ್ತದೆ. ಧಗ್ ಧಗ್ ಎಂದು ಬಡಿಯುತ್ತದೆ. ಬಿಣಗಾ ಹತ್ತಿರ ಸುರಂಗದ ಕತ್ತಲಿಂದ ಬಸ್ಸು ಫಕ್ಕನೆ ಬಿಸಿಲಿಗೆ ಬಂದರೆ ಕಣ್ಣಿಗೆ ಸೂಜಿ ಹಾಕಿದಂತಾಗುತ್ತದೆ. ಸಂಜೆ ಹೊತ್ತು ಬಲಗಡೆ ಸಮುದ್ರ, ಅದರ ಮೇಲೆ ಇಳಿಬಿಸಿಲು. ಊರಿಂದ ಬಂದ ನೆಂಟರು ಆ ಕಡೆ ಸೀಟಿಗೆ ಮುಗಿಬೀಳುತ್ತಾರೆ. ನಾನು ಎಡಗಡೆ, ಗುಡ್ಡದ ಕಡೆ ಕೂರುತ್ತೇನೆ.

ಜೋರು ತಲೆನೋವಿಗೆಲ್ಲ ಮೈಗ್ರೇನ್ ಅನ್ನುವುದು ಈಗ ರೂಢಿಯಾಗಿದೆ. ಆದರೆ ಅದು ನರಗಳಿಗೆ ಸಂಬಂಧಪಟ್ಟ ಕಾಯಿಲೆ. ಮುಖ ಮತ್ತು ತಲೆಯ ನೋವನ್ನು ಮೆದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರ ಕೆರಳುತ್ತದೆ. ಸಿಜಿಆರ್‌ಪಿ ಅನ್ನುವ ರಾಸಾಯನಿಕ ಹೊರಬರುತ್ತದೆ. ನೋವಿನ ಜೊತೆ ವಾಕರಿಕೆ ಬರುತ್ತದೆ, ಬೆಳಕು, ಸದ್ದು ಸಹಿಸಲಾಗುವುದಿಲ್ಲ. ಮದ್ದು ಮಾಡದೆ ಬಿಟ್ಟರೆ ಒಂದು ಸಲದ್ದು 4 ಗಂಟೆಯಿಂದ 72 ಗಂಟೆವರೆಗೂ ಎಳೆಯಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಮನೆತನದಲ್ಲಿ ಹರಿದು ಬರುವುದೂ ಹೌದು. ನಮ್ಮ ಅಮ್ಮ ಶುಂಠಿ ತೇದು ಹಣೆಗೆ ಹಚ್ಚಿಕೊಂಡು, ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಒಳಮನೆಯಲ್ಲಿ ಮಲಗುತ್ತಿದ್ದರು. ಆಗ ಅದಕ್ಕೆ ಪಿತ್ತ ಅಂತ ಹೆಸರು.

ಊಟ ಸರಿ ಮಾಡಿಕೊಂಡರೆ ಮೈಗ್ರೇನ್ ಹೋಗಿಬಿಡುತ್ತದೆ ಅನ್ನುವವರನ್ನು ನಂಬಬೇಡಿ. ಹೋಗುವುದಿಲ್ಲ. ಆದರೆ ಯಾವತ್ತು ಏಳಬೇಕು ಅನ್ನುವುದರಲ್ಲಿ ಊಟದ ಕೈವಾಡ ಇದೆ. ನನ್ನ ಮಟ್ಟಿಗೆ ಅದರಲ್ಲೂ ಮುಖ್ಯವಾಗಿದ್ದು ಒಂದೇ: ಹೊತ್ತು. ತಟ್ಟೆಯಲ್ಲಿ ಏನಿದೆ ಅನ್ನುವುದು ಆಮೇಲೆ.

ಬೆಳಿಗ್ಗೆ ಏಳಕ್ಕೆ ಎರಡು ದೋಸೆ ತಿಂದು ಮನೆ ಬಿಡುತ್ತೇನೆ. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸು ಸಿಕ್ಕಿ, ನಡೆದು, ಕುರ್ಚಿಗೆ ಬರುವಾಗ ಹತ್ತು. ಹಿಂದೆ ಡಬ್ಬಿ ಇಲ್ಲದಾಗ ಊಟಕ್ಕೆ ಹೊರಗೆ ಹೋಗಬೇಕಿತ್ತು. ಜನ ಕಾಯುತ್ತಿರುತ್ತಾರೆ, ಸಾಹೇಬರು ಕರೆಯುತ್ತಾರೆ, ಹೋಟೆಲಿನಲ್ಲಿ ಟೇಬಲ್ ಖಾಲಿ ಇರುವುದಿಲ್ಲ. ಎರಡೂವರೆ, ಮೂರು ಆಗಿಬಿಡುತ್ತಿತ್ತು. ಅಷ್ಟೊತ್ತಿಗೆ ಆಕಳಿಕೆ ಶುರು, ಕುತ್ತಿಗೆ ಬಿಗಿತ ಶುರು. ಆಮೇಲೆ ಎಷ್ಟು ಒಳ್ಳೆ ಊಟ ಹಾಕಿದರೂ ತಲೆ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನದಿರುವುದು ಮೈಗ್ರೇನ್ ಎಬ್ಬಿಸುವ ಕಾರಣಗಳಲ್ಲಿ ಎಲ್ಲ ವೈದ್ಯರೂ ಹೇಳುವ ಕಾರಣ. ಎಂಟು ಗಂಟೆ ಏನೂ ತಿನ್ನದಿದ್ದಾಗ ಬರುವ ತಲೆನೋವಿಗೆ ವೈದ್ಯರ ಪಟ್ಟಿಯಲ್ಲಿ ಬೇರೆಯದೇ ಜಾಗ ಇದೆ, ಉಪವಾಸದ ತಲೆನೋವು ಅಂತ. ಮೈಗ್ರೇನ್ ಇಲ್ಲದವರಿಗೂ ಅದು ಬರುತ್ತದೆ, ಇದ್ದವರಿಗೆ ಇನ್ನೂ ಬೇಗ. ಸಂಕಷ್ಟಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಂದ್ರ ಕಾಣುವಷ್ಟರಲ್ಲಿ ನನಗೆ ಎರಡು ಚಂದ್ರ ಕಾಣುತ್ತಿದ್ದವು. ಈಗ ಸಂಕಷ್ಟಿ ದಿನ ಮಧ್ಯಾಹ್ನ ಬಾಳೆಹಣ್ಣು, ಶೇಂಗಾ, ಹಾಲು ತಗೊಳ್ಳುತ್ತೇನೆ. ಗಣಪತಿ ಇದುವರೆಗೆ ತಕರಾರು ತೆಗೆದಿಲ್ಲ.

ಡಬ್ಬಿಗೆ ನಾನು ಮೊದಲ ಮಾರ್ಕು ಕೊಡುವುದು ಇಲ್ಲೇ. ಒಂದು ಗಂಟೆಗೆ ಐದೋ ಹತ್ತೋ ನಿಮಿಷ ಇರುವಾಗ ಅಕ್ಕನ ಮಗ ಸ್ಕೂಟಿ ಮೇಲೆ ಬರುತ್ತಾನೆ. ಮುಂದೆ ಕಾಲಿಡುವ ಜಾಗದಲ್ಲಿ ಗೋಣಿಚೀಲ, ಅದರಲ್ಲಿ ಡಬ್ಬಿಗಳು ಅಲುಗಾಡದಂತೆ ಹಳೇ ಸೀರೆ ತುರುಕಿರುತ್ತಾರೆ. ಪ್ರತಿ ಡಬ್ಬಿಯ ಹಿಡಿಕೆಗೆ ಬಣ್ಣದ ದಾರ. ಹಸಿರು ದಾರ ಶಾಕಾಹಾರಿ, ಕೆಂಪು ಮೀನು. ನನ್ನದಕ್ಕೆ ಕೆಂಪಿನ ಜೊತೆ ಒಂದು ಬಿಳಿ ದಾರ. ಬಿಳಿ ಅಂದರೆ 'ಈ ಮೇಡಂಗೆ ತಡ ಮಾಡಬಾರದು.' ಸೇರುವಾಗ ನಾನು ಅಕ್ಕನಿಗೆ ತಲೆನೋವಿನ ಕತೆ ಹೇಳಿದ್ದೆ. ಆಕೆ ಏನೂ ಮಾತಾಡದೆ ಒಳಗೆ ಹೋಗಿ ಬಿಳಿ ದಾರ ತಂದು ಕಟ್ಟಿದರು. ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ನಿಂತಾಗಲೂ ಆ ಹುಡುಗ ರೇನ್‌ಕೋಟ್ ಡಬ್ಬಿಗೆ ಹೊದಿಸಿ, ತಾನು ನೆನೆದುಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ.

ಡಬ್ಬಿಯಲ್ಲಿ ಏನಿರುತ್ತದೆ? ನಾಲ್ಕು ಕಟ್ಟಿನ ಸ್ಟೀಲ್ ಡಬ್ಬಿ. ಕೆಳಗೆ ಉಕಡೆ ಅಕ್ಕಿ ಅನ್ನ. ಅದರ ಮೇಲೆ ಮೀನಿನ ಪಳದಿ, ಬಂಗಡೆಯೋ ತಾರ್ಲೆಯೋ (ಬೂತಾಯಿ). ತೆಂಗಿನಕಾಯಿ, ಒಣಮೆಣಸು, ಅರಿಶಿನ ಹಾಕಿ ರುಬ್ಬಿದ್ದು, ಹುಳಿಗೆ ಮುರುಗಲು, ಇಳಿಸುವ ಮುಂಚೆ ಜಜ್ಜಿ ಹಾಕಿದ ಜುಮ್ಮನಕಾಯಿ. ಮುಚ್ಚಳ ತೆಗೆದ ಕೂಡಲೇ ಆ ಜುಮ್ಮನಕಾಯಿಯ ಪರಿಮಳ ಪಕ್ಕದ ಟೇಬಲ್ಲಿಗೂ ಹೋಗುತ್ತದೆ. ಮೂರನೆಯದರಲ್ಲಿ ಪಲ್ಯ. ಹರಿವೆ, ಬಸಳೆ, ಬೆಂಡೆ, ಅಲಸಂದೆ, ಆಯಾ ಕಾಲಕ್ಕೆ ಸಿಕ್ಕಿದ್ದು. ಸೊಪ್ಪೆಲ್ಲ ನಮ್ಮ ಅಂಕೋಲೆ ಕಡೆಯ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರುವ ಸೊಪ್ಪು. ಮೇಲಿನ ಕಟ್ಟಿನಲ್ಲಿ ಒಂದು ಹೋಳು ಹುರಿದ ಮೀನು, ಉಪ್ಪಿನಕಾಯಿ. ಬೇರೆ ಬಾಟಲಿಯಲ್ಲಿ ಸೋಲ್‌ಕಡಿ, ಅಂದರೆ ಮುರುಗಲು, ತೆಂಗಿನಹಾಲಿನ ಪಾನಕ. ವಾರದಲ್ಲಿ ಒಂದು ದಿನ ಹುರುಳಿ ಸಾರು. ಅದು ದಪ್ಪಗೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದು, ಈ ಡಬ್ಬಿಯಲ್ಲಿ ನನಗೆ ಮೀನಿಗಿಂತಲೂ ಇಷ್ಟ.

ಈಗ ಮೀನಿನ ವಿಷಯ. ಮೈಗ್ರೇನ್ ಇರುವವರಿಗೆ ಇಲ್ಲಿ ಲಾಭವೂ ಇದೆ, ಅಪಾಯವೂ ಇದೆ.

ಲಾಭ ಮೊದಲು ಹೇಳುತ್ತೇನೆ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಮೈಗ್ರೇನ್ ಇದ್ದ 182 ಜನರನ್ನು ಮೂರು ಗುಂಪು ಮಾಡಿ 16 ವಾರ ಬೇರೆ ಬೇರೆ ಊಟ ಕೊಟ್ಟರು. ಒಂದು ಗುಂಪಿಗೆ ಅಲ್ಲಿಯ ಮಾಮೂಲಿ ಊಟ. ಎರಡನೆಯದಕ್ಕೆ ಮೀನಿನಲ್ಲಿ ಸಿಗುವ ಒಮೆಗಾ-3 ಕೊಬ್ಬು ಜಾಸ್ತಿ, ದಿನಕ್ಕೆ 1.5 ಗ್ರಾಮಿನಷ್ಟು. ಮೂರನೆಯದಕ್ಕೆ ಒಮೆಗಾ-3 ಜಾಸ್ತಿ ಮಾಡಿ, ಜೊತೆಗೆ ಲಿನೋಲಿಕ್ ಆಮ್ಲ ಕಮ್ಮಿ ಮಾಡಿದರು. ಲಿನೋಲಿಕ್ ಅಂದರೆ ಸೂರ್ಯಕಾಂತಿ, ಸೋಯಾ, ಮೆಕ್ಕೆಜೋಳದ ಎಣ್ಣೆಯಲ್ಲಿ ತುಂಬಾ ಇರುವ ಕೊಬ್ಬು. ಮಾಮೂಲಿ ಊಟದವರಿಗೆ ಹೋಲಿಸಿದರೆ ತಲೆನೋವಿನ ದಿನಗಳು ಎರಡನೇ ಗುಂಪಿನಲ್ಲಿ ತಿಂಗಳಿಗೆ ಸುಮಾರು 2, ಮೂರನೆಯದರಲ್ಲಿ ಸುಮಾರು 4 ಕಮ್ಮಿಯಾದವು. ಆದರೆ 'ತಲೆನೋವಿನಿಂದ ನಿಮ್ಮ ದಿನಚರಿಗೆ ಎಷ್ಟು ತೊಂದರೆ' ಅಂತ ಕೇಳಿದ ಪ್ರಶ್ನೆಗಳಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಜೊತೆಗೆ ಅವರೆಲ್ಲ ತಮ್ಮ ತಮ್ಮ ಔಷಧಿಯನ್ನೂ ತಗೊಳ್ಳುತ್ತಿದ್ದವರು. ಇಷ್ಟನ್ನು ಹೇಳದೆ 'ಮೀನು ತಿನ್ನಿ, ಮೈಗ್ರೇನ್ ಓಡಿಸಿ' ಅಂತ ಬರೆಯುವವರೇ ಜಾಸ್ತಿ.

ಅಮೆರಿಕದಲ್ಲಿ ಜನ ಸಾಲ್ಮನ್ ಹುಡುಕಿಕೊಂಡು ದುಡ್ಡು ಸುರಿಯುತ್ತಾರೆ. ನಮ್ಮಲ್ಲಿ ಒಮೆಗಾ-3 ಇರುವ ಎಣ್ಣೆ ಮೀನು ಅಂದರೆ ತಾರ್ಲೆ, ಬಂಗಡೆ. ಬಲೆ ತುಂಬಾ ಬಿದ್ದ ದಿನ ಮೀನುಪೇಟೆಯಲ್ಲಿ ಅತಿ ಅಗ್ಗದ ಮೀನೂ ಅದೇ. ನೆಂಟರು ಬಂದಾಗ ಮರ್ಯಾದೆಗೆ ಇಸವಣ, ಪಾಂಪ್ಲೆಟ್ ತರುತ್ತೇವಲ್ವಾ, ತಲೆಯ ದೃಷ್ಟಿಯಿಂದ ಆ ದುಡ್ಡು ದಂಡ. ಡಬ್ಬಿಯಲ್ಲಿ ವಾರಕ್ಕೆ ಮೂರು ದಿನವಾದರೂ ತಾರ್ಲೆ ಅಥವಾ ಬಂಗಡೆ ಬರುತ್ತದೆ. ಕೆಲವು ಸಹೋದ್ಯೋಗಿಗಳು 'ಮತ್ತೆ ತಾರ್ಲೆನಾ' ಅಂತ ಮೂಗು ಮುರಿಯುತ್ತಾರೆ. ಅವರ ಪಾಲು ನನಗೇ ಬರಲಿ.

ಎಣ್ಣೆ ವಿಷಯ ಅಕ್ಕನ ಹತ್ತಿರ ಎತ್ತಿದ್ದೆ. ಪಳದಿಗೆ, ಪಲ್ಯಕ್ಕೆ ಆಕೆ ಹಾಕುವುದು ತೆಂಗಿನೆಣ್ಣೆ. ಅದರಲ್ಲಿ ಲಿನೋಲಿಕ್ ತೀರಾ ಕಮ್ಮಿ. ಮೀನು ಹುರಿಯುವುದಕ್ಕೆ ಮಾತ್ರ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆ.

"ಅಕ್ಕಾ, ಹುರಿಯೋದಕ್ಕೂ ತೆಂಗಿನೆಣ್ಣೆನೇ ಹಾಕಬಹುದಲ್ವಾ?"

"ಮೇಡಂ, ತೆಂಗಿನೆಣ್ಣೆ ರೇಟು ಕೇಳಿದ್ರಾ? ನಿಮ್ಮೊಬ್ಬರಿಗೆ ಬೇಕಾದ್ರೆ ಹುರಿಯೋದೇ ಬಿಟ್ಟು ಎರಡೂ ಹೋಳು ಪಳದಿಗೇ ಹಾಕ್ತೇನೆ."

ಹಾಗೇ ಆಯಿತು. ಗರಿಗರಿ ಮೀನು ಹೋಯಿತು, ಪಳದಿಯಲ್ಲಿ ಒಂದು ಹೋಳು ಹೆಚ್ಚಾಯಿತು. ವ್ಯಾಪಾರ ಅಂದರೆ ಹೀಗಿರಬೇಕು. ಆದರೂ ಪಕ್ಕದವರ ಡಬ್ಬಿಯ ರವೆ ಹಚ್ಚಿ ಹುರಿದ ಬಂಗಡೆ ನೋಡುವಾಗ ನಾನು ಸಂತಳೇನಲ್ಲ.

ಇನ್ನು ಅಪಾಯ. ಬಂಗಡೆ, ತಾರ್ಲೆ, ಗೆದರೆ ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ ಇರುತ್ತದೆ. ಹಿಡಿದ ಮೇಲೆ ಐಸ್ ಹಾಕದೆ ಬಿಸಿಲಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಹಿಸ್ಟಮಿನ್ ಆದ ಮೇಲೆ ಎಷ್ಟು ಬೇಯಿಸಿದರೂ, ಎಷ್ಟು ಹುರಿದರೂ ಹೋಗುವುದಿಲ್ಲ. ತಿಂದು ಒಂದು ಗಂಟೆಯೊಳಗೆ ಮುಖ ಕೆಂಪೇರುತ್ತದೆ, ನಾಲಿಗೆ ಚುರುಚುರು ಅನ್ನುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ. ಎಷ್ಟೋ ಜನ ಇದನ್ನು 'ನಂಗೆ ಮೀನು ಆಗಲ್ಲ, ಅಲರ್ಜಿ' ಅಂದುಕೊಳ್ಳುತ್ತಾರೆ. ಆ ದಿನದ ಮೀನು ಹಳಸಿತ್ತು, ಅಷ್ಟೇ ಇರಬಹುದು.

ಅದಕ್ಕೇ ಡಬ್ಬಿ ಹಚ್ಚುವ ಮುಂಚೆ ನಾನು ಕೇಳಿದ್ದು ಮೀನು ಎಲ್ಲಿಂದ, ಯಾವಾಗ ತರುತ್ತೀರಿ ಅಂತ. ಬೈತಕೋಲ ಬಂದರಿಗೆ ಬೆಳಿಗ್ಗೆ ಬೋಟು ಬರುವ ಹೊತ್ತಿಗೆ ಅಕ್ಕನ ಗಂಡ ಹೋಗುತ್ತಾರೆ. ಥರ್ಮೋಕೋಲ್ ಡಬ್ಬಿ, ಐಸ್ ಜೊತೆಯಲ್ಲೇ ಇರುತ್ತದೆ. ಒಂದು ಶನಿವಾರ ನಾನೂ ಆ ಮನೆಗೆ ದುಡ್ಡು ಕೊಡಲು ಹೋಗಿದ್ದೆ. ಹಿತ್ತಲಲ್ಲಿ ಆಕೆ ಬಂಗಡೆ ಕೊಯ್ಯುತ್ತಿದ್ದರು. ಕಿವಿರು ಎತ್ತಿ ತೋರಿಸಿದರು, ದಾಸವಾಳದ ಕೆಂಪು. ಕಣ್ಣು ಉಬ್ಬಿ ಹೊಳೆಯುತ್ತಿತ್ತು. ಹೊಟ್ಟೆ ಒತ್ತಿದರೆ ಬೆರಳಿನ ಗುರುತು ಉಳಿಯಲಿಲ್ಲ. ಬುಟ್ಟಿಯಲ್ಲಿ ಬೇರೆ ತೆಗೆದಿಟ್ಟ ನಾಲ್ಕಾರು ಮೀನಿದ್ದವು. ಅವೇನು ಅಂದೆ. "ಹೊಟ್ಟೆ ಒಡೆದದ್ದು, ಬೆಕ್ಕಿಗೆ" ಅಂದರು. ನನಗೆ ಅಷ್ಟು ಸಾಕಾಯಿತು.

ತೊಂದರೆ ಬರುವುದು ಜೂನ್, ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯ ಮೀನು ಸ್ವಲ್ಪ ಸಿಗುತ್ತದೆ, ರೇಟು ಆಕಾಶಕ್ಕೆ. ಆಗ ಈ ಡಬ್ಬಿಯಲ್ಲಿ ಒಣಮೀನು, ಒಣ ಸಿಗಡಿ ಬರಲು ಶುರು. ಮಳೆ ಸುರಿಯುವಾಗ ಗಂಜಿಗೆ ಸುಟ್ಟ ಒಣಬಂಗಡೆಗಿಂತ ಸುಖ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟ ಮೀನಿನಲ್ಲಿ ಹಿಸ್ಟಮಿನ್, ಟೈರಮಿನ್ ಇಂಥ ತಲೆನೋವು ಎಬ್ಬಿಸಬಲ್ಲ ಅಂಶಗಳು ಸೇರಿಕೊಂಡಿರುವ ಸಾಧ್ಯತೆ ಜಾಸ್ತಿ. ನನ್ನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೆ ಕೆಂಪು ಗೀಟು ಹಾಕುತ್ತೇನೆ, ಪಕ್ಕದಲ್ಲಿ ಹಿಂದಿನ ದಿನ ತಿಂದದ್ದು, ನಿದ್ದೆ, ಮುಟ್ಟಿನ ದಿನ. ಒಣಮೀನಿನ ಪಕ್ಕ ಗೀಟು ಬಿದ್ದದ್ದು ಸುಮ್ನೆ ಕಾಕತಾಳೀಯ ಅನ್ನಲು ಆಗದಷ್ಟಿದೆ. ಆ ಎರಡು ತಿಂಗಳು ನಾನು ಹಸಿರು ದಾರಕ್ಕೆ ಬದಲಾಯಿಸಿಕೊಳ್ಳುತ್ತೇನೆ. ಬೇಕಂದರೆ ಮೊಟ್ಟೆ ಸಾರು ಕೊಡುತ್ತಾರೆ.

ಗೀಟಿನ ಕ್ಯಾಲೆಂಡರು ಎಲ್ಲರೂ ಇಡಬೇಕು. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಮೊಬೈಲಿನಲ್ಲಿ ದುಡ್ಡು ಕಟ್ಟಿಸಿಕೊಂಡು 'ಮೈಗ್ರೇನ್ ಡಯಟ್' ಕಳಿಸುವ ಒಂದು ಕಡೆಯಿಂದ ನನಗೂ ಒಂದು ಪಟ್ಟಿ ಬಂದಿತ್ತು. ಬಿಡಬೇಕಾದ್ದು: ಹಳೇ ಚೀಸು, ಕೆಂಪು ವೈನು, ಹೊಗೆ ಹಾಕಿದ ಹಂದಿ ಮಾಂಸ, ಬೆಣ್ಣೆಹಣ್ಣು, ಚಾಕ್ಲೇಟು, ಬಾಳೆಹಣ್ಣು, ಈರುಳ್ಳಿ, ಮೊಸರು, ಲಿಂಬೆ. ಮೊದಲ ಮೂರು ಅಂಕೋಲೆ ಸಂತೆಯಲ್ಲಿ ಎಲ್ಲಿ ಸಿಗುತ್ತದೆ ಅಂತ ಹೇಳಿದ್ದರೆ ಬಿಡಲಿಕ್ಕಾದರೂ ಅನುಕೂಲವಾಗುತ್ತಿತ್ತು. ತಿಂಗಳುಗಟ್ಟಲೆ ಹಣ್ಣಾಗಿಸಿದ ಚೀಸಿನಲ್ಲಿ ಟೈರಮಿನ್ ಇರುವುದು ನಿಜ, ಮಾಂಸ ಕೆಡದಂತೆ ಹಾಕುವ ನೈಟ್ರೇಟು ಕೆಲವರಿಗೆ ತಲೆನೋವು ತರುವುದೂ ನಿಜ. ಆದರೆ ನಾವು ತಿನ್ನುವ ಪನೀರು ಆವತ್ತು ಒಡೆದ ಹಾಲಿನದು, ಅದಕ್ಕೂ ಹಳೇ ಚೀಸಿಗೂ ಹೋಲಿಕೆಯೇ ಇಲ್ಲ. ಈರುಳ್ಳಿ ಬಿಡು ಅಂತ ಕುಮಟೆಯ ಸಿಹಿ ಈರುಳ್ಳಿ ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ನೇತುಹಾಕಿರುವ ಕಾಲದಲ್ಲಿ ಹೇಳುವುದು ಕ್ರೌರ್ಯ.

ಚಾಕ್ಲೇಟಿನದು ಬೇರೆಯೇ ಕತೆ. ಮೈಗ್ರೇನ್ ನೋವು ಶುರುವಾಗುವ ಎಷ್ಟೋ ಗಂಟೆ ಮುಂಚೆ, ಕೆಲವರಿಗೆ ಒಂದೆರಡು ದಿನ ಮುಂಚೆಯೇ, ಮೆದುಳಿನಲ್ಲಿ ಅದು ಶುರುವಾಗಿರುತ್ತದೆ. ಆಗಲೇ ಆಕಳಿಕೆ, ಸಿಟ್ಟು, ಕುತ್ತಿಗೆ ಬಿಗಿತ, ಸಿಹಿ ತಿನ್ನುವ ಆಸೆ. ಆಸೆ ಆಯಿತು ಅಂತ ಚಾಕ್ಲೇಟ್ ತಿಂದೆವು, ಆಮೇಲೆ ನೋವು ಬಂತು, ಗೂಬೆ ಕೂತಿದ್ದು ಚಾಕ್ಲೇಟಿನ ಮೇಲೆ. ಮಾವಿನಹಣ್ಣಿಗೂ ಹೀಗೇ 'ಉಷ್ಣ' ಅಂತ ಹೆಸರು ಹಾಕಿದ್ದಾರೆ. 2023ರಲ್ಲಿ ನಮ್ಮ ಅಂಕೋಲೆಯ ಕರಿ ಇಶಾಡಿ ಮಾವಿಗೆ ಜಿಐ ಟ್ಯಾಗ್ ಸಿಕ್ಕಿದೆ. ಅದನ್ನು ತಿಂದು ತಲೆನೋವು ಬಂದರೂ ನಾನು ಬಿಡುವವಳಲ್ಲ. ಸದ್ಯ ಬಂದಿಲ್ಲ. ಪಟ್ಟಿಯಲ್ಲಿರುವುದನ್ನೆಲ್ಲ ಒಟ್ಟಿಗೆ ಬಿಟ್ಟರೆ ಆಗುವುದೇನು? ತಿನ್ನಲು ಏನೂ ಉಳಿಯುವುದಿಲ್ಲ, ಊಟ ತಪ್ಪುತ್ತದೆ, ಅದಕ್ಕೇ ತಲೆ ನೋಯುತ್ತದೆ.

ಚಹಾ ವಿಷಯಕ್ಕೆ ಬರೋಣ. ಆಫೀಸಿನಲ್ಲಿ ಯಾರು ಬಂದರೂ ಚಹಾ. ಕೆಫೀನ್ ದಿನಕ್ಕೆ 200 ಮಿಲಿಗ್ರಾಮ್ ದಾಟಬಾರದು ಅನ್ನುವುದು ಮೈಗ್ರೇನ್ ತಜ್ಞರು ಸಾಮಾನ್ಯವಾಗಿ ಕೊಡುವ ಸಲಹೆ. ಒಂದು ಕಪ್ ಚಹಾದಲ್ಲಿ 40ರ ಆಸುಪಾಸು, ಗಟ್ಟಿ ಕಾಫಿಯಲ್ಲಿ ಅದರ ಎರಡು ಪಟ್ಟು. ವಾರವಿಡೀ ಐದಾರು ಕಪ್ ಕುಡಿದು ಭಾನುವಾರ ಮನೆಯಲ್ಲಿ ಒಂದಕ್ಕೆ ನಿಲ್ಲಿಸಿದರೆ, ಕೊನೆಯ ಕಪ್ಪಿನಿಂದ 12ರಿಂದ 24 ಗಂಟೆಯೊಳಗೆ ಕೆಫೀನ್ ಸಿಗದ ತಲೆನೋವು ಏಳುತ್ತದೆ. 'ರಜೆ ದಿನವೇ ಯಾಕೆ ತಲೆನೋವು' ಅಂತ ಗೋಳಾಡುವ ಎಷ್ಟೋ ಜನರ ಗುಟ್ಟು ಇದು. ತಡವಾಗಿ ಏಳುವುದೂ ಅದಕ್ಕೆ ಸೇರುತ್ತದೆ. ಮೈಗ್ರೇನಿನ ಮೆದುಳು ಹಳೇಕಾಲದ ಯಜಮಾನರ ಹಾಗೆ. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಆಯಾ ಹೊತ್ತಿಗೇ ಆಗಬೇಕು, ರಜೆ ಗಿಜೆ ಅದಕ್ಕೆ ಗೊತ್ತಿಲ್ಲ. ನಾನು ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು ಚಹಾ ಕುಡಿಯುತ್ತೇನೆ, ಭಾನುವಾರವೂ ಅಷ್ಟೇ. ಸಂಜೆಗೆ ಕಷಾಯ. ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಅಕ್ಕ ಡಬ್ಬಿ ಜೊತೆ ಸಣ್ಣ ಫ್ಲಾಸ್ಕಿನಲ್ಲಿ ಕೊತ್ತಂಬರಿ-ಜೀರಿಗೆ ಕಷಾಯ ಕಳಿಸುತ್ತಾರೆ. ನಾಲ್ಕೂವರೆಗೂ ಬಿಸಿ ಇರುತ್ತದೆ. ಬೆಲ್ಲ ಜಾಸ್ತಿ, ಕಮ್ಮಿ ಮಾಡಿ ಅಂದರೆ ಕೇಳುವುದಿಲ್ಲ.

ಸೋಲ್‌ಕಡಿಯನ್ನು ಯಾರೂ ಮದ್ದು ಅಂದುಕೊಳ್ಳಬೇಡಿ, ಆದರೆ ಏಪ್ರಿಲ್, ಮೇ ತಿಂಗಳ ಕಾರವಾರದ ಸೆಖೆಯಲ್ಲಿ ಬೆವರು ಸುರಿಯುವಾಗ ನೀರು ಕಮ್ಮಿಯಾಗುವುದೂ ತಲೆನೋವಿಗೆ ದಾರಿ. ಬರೀ ನೀರು ಕುಡಿಯಲು ಬೇಜಾರಾಗುವ ನನ್ನಂಥವಳಿಗೆ ಬಾಟಲಿ ತುಂಬಾ ಸೋಲ್‌ಕಡಿ ಬಂದರೆ ಒಳ್ಳೆಯದೇ.

ಮೆಗ್ನೀಸಿಯಂ ಬಗ್ಗೆ ಕೇಳುವವರು ಇದ್ದಾರೆ. 2012ರಲ್ಲಿ ಅಮೆರಿಕದ ನರರೋಗ ತಜ್ಞರ ಸಂಘದವರು ಮೈಗ್ರೇನ್ ತಡೆಯಲು ಮೆಗ್ನೀಸಿಯಂ ಮತ್ತು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಬಹುಶಃ ಉಪಯೋಗವಾಗುತ್ತದೆ ಅನ್ನುವ ವರ್ಗದಲ್ಲಿ ಇಟ್ಟರು. ಮೆಗ್ನೀಸಿಯಂ ನಮ್ಮ ಊಟದಲ್ಲೇ ಸಾಕಷ್ಟಿದೆ. ಸೊಪ್ಪು, ಹುರುಳಿ, ಶೇಂಗಾ, ರಾಗಿ, ಎಲ್ಲದಕ್ಕಿಂತ ಎಳ್ಳು. 100 ಗ್ರಾಮ್ ಎಳ್ಳಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚಿದೆ. ಡಬ್ಬಿಯ ಎಳ್ಳು ಚಟ್ನಿ ವಾರಕ್ಕೆ ಒಮ್ಮೆ ಮಾತ್ರ ಬರುತ್ತದೆ, ಇನ್ನೂ ಬರಬಹುದಿತ್ತು. ಬಿ2ದು ಹಾಗಲ್ಲ. 1998ರ ಅಧ್ಯಯನದಲ್ಲಿ ಫಲ ಕೊಟ್ಟದ್ದು ದಿನಕ್ಕೆ 400 ಮಿಲಿಗ್ರಾಮ್, ಅದೂ ಮೂರು ತಿಂಗಳು. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದದ್ದು ಒಂದೆರಡು ಮಿಲಿಗ್ರಾಮ್. 400 ಯಾವ ಡಬ್ಬಿಯಿಂದಲೂ ಬರುವುದಿಲ್ಲ, ಮಾತ್ರೆಯೇ ಆಗಬೇಕು. ನನಗೆ ಡಾಕ್ಟ್ರು ಬರೆದುಕೊಟ್ಟಿದ್ದರು. ಮೂತ್ರ ಕಡು ಹಳದಿ ಆಗುತ್ತದೆ, ಹೆದರಬೇಡಿ. ಮೆಗ್ನೀಸಿಯಂ ಮಾತ್ರೆಗೆ ಹೊಟ್ಟೆ ಸಡಿಲವಾಗುತ್ತದೆ. ಕಿಡ್ನಿ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು.

ಈ ಡಬ್ಬಿಯ ಕೈಗೆ ಸಿಗದ ತಲೆನೋವೂ ಇದೆ. ಮುಟ್ಟಿನ ಮುಂಚಿನ ಒಂದೆರಡು ದಿನ ಈಸ್ಟ್ರೋಜನ್ ಹಾರ್ಮೋನು ಇಳಿಯುವಾಗ ಬರುವುದು ಯಾವ ತಾರ್ಲೆಗೂ ಜಗ್ಗುವುದಿಲ್ಲ. ಆಗ ಮಾತ್ರೆಯೇ. ಆದರೆ ಮಾತ್ರೆಗೂ ಲೆಕ್ಕ ಇದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ್ದು ತಿಂಗಳಿಗೆ 15 ದಿನ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ 10 ದಿನ, ಹೀಗೆ ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದೆ. ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಕೆಲವು ತಲೆನೋವಿನ ಮಾತ್ರೆಯಲ್ಲಿ ಕೆಫೀನೂ ಇರುತ್ತದೆ. ಫಕ್ಕನೆ ಸಿಡಿಲು ಹೊಡೆದಂಥ ನೋವು, ಜ್ವರದ ಜೊತೆ ಕುತ್ತಿಗೆ ಬಗ್ಗದಿರುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವು, ಇವಕ್ಕೆ ಊಟದ ಲೆಕ್ಕ ಹಾಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಡಬ್ಬಿಯ ಮೇಲಿನ ದೂರುಗಳನ್ನೂ ಹೇಳಿಬಿಡುತ್ತೇನೆ. ಡಬ್ಬಿಯ ಮುಚ್ಚಳಕ್ಕೆ ಹಾಕಿದ ರಬ್ಬರ್ ಹಳತಾಗಿದೆ, ಸೊಪ್ಪಿನ ಪಲ್ಯಕ್ಕೂ ನಿನ್ನೆಯ ಮೀನಿನ ವಾಸನೆ. ವಾಸನೆಗೇ ತಲೆ ಏಳುವವರಿಗೆ ಇದು ಸಣ್ಣ ವಿಷಯವಲ್ಲ. ಎರಡು ಸಲ ಹೇಳಿದ ಮೇಲೆ ನನ್ನ ಡಬ್ಬಿಯ ರಬ್ಬರ್ ಬದಲಾಯಿತು, ಪಕ್ಕದವರದ್ದು ಹಾಗೇ ಇದೆ. ಅನ್ನ ಕಮ್ಮಿ ಮಾಡಿ ಪಲ್ಯ ಜಾಸ್ತಿ ಹಾಕಿ ಅಂದರೆ 'ಹಾಂ ಹಾಂ' ಅನ್ನುತ್ತಾರೆ, ಮರುದಿನ ಅದೇ ಗುಡ್ಡೆ ಅನ್ನ. ಸೋಮವಾರ ಮೀನಿಲ್ಲ, ಊರಿನ ಅರ್ಧ ಜನ ಆ ದಿನ ತಿನ್ನುವುದಿಲ್ಲ, ಆದರೆ ಶಾಕಾಹಾರಿ ಡಬ್ಬಿ ಕೊಟ್ಟು ಮೀನಿನ ದುಡ್ಡೇ ಹಿಡಿಯುತ್ತಾರೆ. ಕೇಳಿದರೆ "ಶುಕ್ರವಾರ ಎರಡು ಹೋಳು ಹೆಚ್ಚು ಹಾಕ್ತೇನಲ್ಲ ಮೇಡಂ." ಹಾಕುತ್ತಾರೆ, ಸುಳ್ಳಲ್ಲ.

ಹತ್ತಕ್ಕೆ ಎಂಟು ಕೊಡುತ್ತೇನೆ. ಅದರಲ್ಲಿ ನಾಲ್ಕು ಬರೀ ಹೊತ್ತಿಗೆ. ಹೊಸಬರಿಗೆ ಈಗ ಜಾಗ ಇದೆಯೋ ಇಲ್ಲವೋ ಕೇಳಿಯೇ ತಿಳಿಯಬೇಕು, ಒಬ್ಬಳೇ ಅಡುಗೆ ಮಾಡುವ ಮನೆ. ಕೋಡಿಬಾಗ, ಹಬ್ಬುವಾಡದವರೆಗೆ ಕಳಿಸುತ್ತಾರೆ, ಸೇತುವೆ ದಾಟಿ ಸದಾಶಿವಗಡಕ್ಕೆ ಇಲ್ಲ. ಬೇಡದ ದಿನಕ್ಕೆ ಹಿಂದಿನ ರಾತ್ರಿ ಒಂಬತ್ತರೊಳಗೆ ಮೆಸೇಜು ಹಾಕಬೇಕು. ಚವತಿಗೆ ಐದು ದಿನ ಪೂರ್ತಿ ಬಂದ್, ಆಗ ಮನೆಯಿಂದಲೇ ಅವಲಕ್ಕಿ ಕಟ್ಟಿಕೊಂಡು ಬನ್ನಿ.